ಒಂದೇ ಅಂಕಿ, ಎರಡು ಗೆರೆ

ಆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ, ಹಳೆಯ ಎಕ್ಸ್‌ರೇ ಫಿಲ್ಮುಗಳನ್ನು ತುಂಬಿದ ಕಪಾಟುಗಳ ಹಿಂದೆ, ಒಬ್ಬ ಹೆಂಗಸು ದಿನವಿಡೀ ಗೆರೆ ಎಳೆಯುತ್ತಿದ್ದಳು. ಓದಿದ್ದು ಸಂಖ್ಯಾಶಾಸ್ತ್ರ. ಬಾಗಿಲ ಮೇಲಿನ ಹಲಗೆಯಲ್ಲಿ ‘ಅಂಕಿಅಂಶ ವಿಭಾಗ’ ಎಂದು ಬರೆದಿತ್ತು, ವಿಭಾಗವೆಂದರೆ ಅವಳೊಬ್ಬಳೇ. ಕ್ಯಾಂಟೀನಿನವನಿಂದ ಹಿಡಿದು ಸರ್ಜನ್ನುಗಳವರೆಗೆ ಎಲ್ಲರೂ ಅವಳನ್ನು ಗೆರೆಯಮ್ಮ ಎಂದೇ ಕರೆಯುತ್ತಿದ್ದರು. ಮೊದಮೊದಲು ಅವಳಿಗೆ ಸಿಟ್ಟು ಬರುತ್ತಿತ್ತು. ಆಮೇಲೆ, ಆ ಕಟ್ಟಡದಲ್ಲಿ ಇನ್ನುಳಿದವರಿಗೆಲ್ಲ ಇಟ್ಟ ಅಡ್ಡಹೆಸರುಗಳನ್ನು ಕೇಳಿದ ಮೇಲೆ, ತನ್ನದೇ ವಾಸಿ ಅನ್ನಿಸಿ ಸುಮ್ಮನಾದಳು.

ಅವಳ ಮುಖ್ಯ ಕೆಲಸ ಇಷ್ಟು: ಆಪರೇಷನ್ ಆದವರಲ್ಲಿ ನೂರಕ್ಕೆ ಎಷ್ಟು ಮಂದಿಗೆ ಹೊಲಿಗೆಯ ಜಾಗದಲ್ಲಿ ಸೋಂಕು ತಗಲಿ ಗಾಯ ಕೀವಾಯಿತು ಎಂದು ವಾರ್ಡುಗಳಿಂದ ಲೆಕ್ಕ ತರಿಸುವುದು, ತಿಂಗಳಿಗೊಂದು ಗ್ರಾಫ್ ಮಾಡಿ ದೊಡ್ಡ ಡಾಕ್ಟರಿಗೆ ಕಳಿಸುವುದು. ದೊಡ್ಡ ಡಾಕ್ಟರೆಂದರೆ ಆಸ್ಪತ್ರೆಯ ಮುಖ್ಯಸ್ಥರು. ವೈದ್ಯದಲ್ಲಿ ಅವರು ಎಷ್ಟು ದೊಡ್ಡವರೋ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅವರ ಕೋಣೆಯಂತೂ ದೊಡ್ಡದಿತ್ತು.

ಗ್ರಾಫ್ ಬಿಡಿಸುವ ಸಾಫ್ಟ್‌ವೇರಿಗೆ ಎರಡು ಬಗೆಯಲ್ಲಿ ಅಪ್ಪಣೆ ಕೊಡಬಹುದಿತ್ತು. ಎದುರು ಕೂತು ಒಂದೊಂದೇ ಸಾಲು ಟೈಪ್ ಮಾಡುತ್ತ ಹೋಗಬಹುದು. ಇಲ್ಲವೇ ಅದೇ ಸಾಲುಗಳನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಈ ಸ್ಕ್ರಿಪ್ಟನ್ನು ಓಡಿಸು ಎಂದು ಒಮ್ಮೆ ಹೇಳಿದರೆ ಸಾಕು. ಗೆರೆಯಮ್ಮನಿಗಿಂತ ಹಿಂದೆ ಇದ್ದವರು ಯಾರೋ ಸ್ಕ್ರಿಪ್ಟ್ ಬರೆದಿಟ್ಟು ಹೋಗಿದ್ದರು. ತಿಂಗಳ ಕೊನೆಗೆ ಅದನ್ನು ಓಡಿಸಿದರೆ ಚಿತ್ರ ತಾನೇ ಹೋಗಿ ವರದಿಯೊಳಗೆ ಕೂರುತ್ತಿತ್ತು. ವರದಿಯನ್ನು ಓದುವವರು ಯಾರೂ ಇಲ್ಲದ್ದರಿಂದ ಅದರ ಮೇಲೆ ದೂರೂ ಬಂದಿರಲಿಲ್ಲ.

ಒಂದು ಮಧ್ಯಾಹ್ನ ಥಿಯೇಟರ್ ಸಿಸ್ಟರ್ ಮೆಟ್ಟಿಲು ಹತ್ತಿ ಬಂದರು. ಎರಡೂ ಆಪರೇಷನ್ ಥಿಯೇಟರುಗಳ ಉಸ್ತುವಾರಿ ಅವರದು. ಮಾತು ಕಡಿಮೆ, ನಡಿಗೆ ಜೋರು. ಎರಡನೇ ಥಿಯೇಟರಿನಲ್ಲಿ ಆಪರೇಷನ್ ಆದವರ ಗಾಯ ಯಾಕೋ ಬೇಗ ಮಾಗುತ್ತಿಲ್ಲ, ತಮ್ಮ ಭ್ರಮೆಯೋ ನಿಜವೋ ಈಗಲೇ ನೋಡಬೇಕು ಎಂದರು. ಸ್ಕ್ರಿಪ್ಟು ತಿಂಗಳ ಕೊನೆಯ ಪೂರ್ತಿ ವರದಿಯದು. ಹಾಗಾಗಿ ಗೆರೆಯಮ್ಮ ಅದರೊಳಗಿನ ಸಾಲುಗಳನ್ನೇ ನೋಡಿಕೊಂಡು ಒಂದೊಂದಾಗಿ ಟೈಪ್ ಮಾಡಿದಳು. ಪರದೆಯ ಮೇಲೆ ಗೆರೆ ಎದ್ದಿತು. ಎದ್ದದ್ದು ಎದ್ದೇ ಹೋಯಿತು: ಅಷ್ಟಕ್ಕಿಂತ ಹೆಚ್ಚಬಾರದು ಎಂದು ಗುರುತು ಮಾಡಿದ ಕೆಂಪು ಗೆರೆಯನ್ನು ದಾಟಿ, ಬೆಟ್ಟದ ಹಾಗೆ ಮೇಲಕ್ಕೆ.

ಸಿಸ್ಟರ್ ಕುರ್ಚಿ ಎಳೆದುಕೊಂಡು ಕೂತರು. ಹೋದ ತಿಂಗಳ ವರದಿಯಲ್ಲಿ ಹೀಗಿರಲಿಲ್ಲವಲ್ಲ ಎಂದು ಕೇಳಿದರು. ಗೆರೆಯಮ್ಮ ವರದಿ ತೆರೆದು ನೋಡಿದಳು. ಹೋದ ತಿಂಗಳವರೆಗೆ ಅದೇ ಅಂಕಿ, ಅದೇ ಸಾಲುಗಳು. ಆದರೆ ಆ ಚಿತ್ರದಲ್ಲಿ ಗೆರೆ ಊಟ ಮಾಡಿ ಮಲಗಿದವರ ಹಾಗೆ ನೆಲಕ್ಕೆ ಅಂಟಿಕೊಂಡಿತ್ತು. ಕೆಂಪು ಗೆರೆಯೂ ಪಕ್ಕದಲ್ಲೇ ಮಲಗಿತ್ತು. ಯಾವುದು ಯಾವುದರ ಮೇಲಿದೆ ಎಂದು ಕಣ್ಣು ಕಿರಿದು ಮಾಡಿದರೂ ತಿಳಿಯುವಂತಿರಲಿಲ್ಲ.

“ಒಂದೇ ಲೆಕ್ಕ ಅಂತೀಯ. ಒಂದರಲ್ಲಿ ಬೆಟ್ಟ, ಇನ್ನೊಂದರಲ್ಲಿ ಬಯಲು. ನಾನು ಯಾವುದರ ಮೇಲೆ ನಡೀಲಿ?” ಎಂದರು ಸಿಸ್ಟರ್.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಟೈಪ್ ಮಾಡಿದಾಗ ಸಾಫ್ಟ್‌ವೇರು ಅಂಕಿಗಳನ್ನು ನೋಡಿ, ಎಡಬದಿಯ ಅಳತೆಯನ್ನು ಅವಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತಿತ್ತು. ನೂರಕ್ಕೆ ಒಂದು, ನೂರಕ್ಕೆ ಏಳು ಎಂಬ ಅಂಕಿಗಳಾದರೆ ಅಳತೆಯೂ ಏಳೆಂಟಕ್ಕೆ ನಿಲ್ಲುತ್ತಿತ್ತು. ಅದನ್ನೇ ಸ್ಕ್ರಿಪ್ಟಿನಿಂದ ಓಡಿಸಿದರೆ, ಯಾವುದನ್ನೂ ಹೊಂದಿಸದೆ, ಸೊನ್ನೆಯಿಂದ ನೂರರವರೆಗೂ ಅಳತೆ ಹಾಕಿ ಕೂರುತ್ತಿತ್ತು. ನೂರರ ಎತ್ತರದಲ್ಲಿ ಏಳೆಂದರೆ ಕಾಲ ಹೆಬ್ಬೆರಳು. ನೂರು ಜನರಲ್ಲಿ ಐವತ್ತು ಜನರ ಗಾಯ ಕೊಳೆತರೆ ಮಾತ್ರ ಆ ಗ್ರಾಫು ಸ್ವಲ್ಪ ತಲೆ ಎತ್ತೀತು.

ಅವಳು ಸಾಫ್ಟ್‌ವೇರ್ ಮಾಡಿದ ಕಂಪನಿಗೆ ಬರೆದು ಕೇಳಿದಳು. ಉತ್ತರ ಬಹಳ ವಿನಯದಿಂದ ಬಂತು. ಇದು ದೋಷವಲ್ಲ, ಬೇಕೆಂದೇ ಹಾಗೆ ಮಾಡಿದ್ದು. ಎದುರಿಗೆ ಮನುಷ್ಯರು ಕೂತಿದ್ದಾಗ ಚಿತ್ರ ಚೆನ್ನಾಗಿ ಕಾಣಲೆಂದು ಅಳತೆ ಹೊಂದಿಸುತ್ತೇವೆ. ಸ್ಕ್ರಿಪ್ಟ್ ಓಡುವಾಗ ನೋಡುವವರು ಯಾರೂ ಇರುವುದಿಲ್ಲವಾದ್ದರಿಂದ ಹೊಂದಿಸುವುದಿಲ್ಲ. ಬೇಕಿದ್ದರೆ ಸ್ಕ್ರಿಪ್ಟಿನ ಕೊನೆಗೆ ಇಂಥ ಒಂದು ಸಾಲು ಸೇರಿಸಿಕೊಳ್ಳಿ.

ಗೆರೆಯಮ್ಮ ಆ ಸಾಲು ಸೇರಿಸಿ ಓಡಿಸಿದಳು. ಬಯಲು ಬೆಟ್ಟವಾಯಿತು. ಎರಡೂ ಚಿತ್ರಗಳನ್ನು ಹಿಡಿದುಕೊಂಡು ದೊಡ್ಡ ಡಾಕ್ಟರ ಕೋಣೆಗೆ ಹೋದಳು. ಅವರು ಎರಡನ್ನೂ ಮೇಜಿನ ಮೇಲೆ ಹರಡಿ, ಮಲಗಿದ ಗೆರೆಯನ್ನು ತಮ್ಮ ಕಡೆಗೂ ಎದ್ದ ಗೆರೆಯನ್ನು ಅವಳ ಕಡೆಗೂ ಸರಿಸಿದರು.

“ಯಾವ ಸಾಲೂ ಸೇರಿಸ್ಬೇಡಿ,” ಎಂದರು. “ಸಾಫ್ಟ್‌ವೇರ್ ತಾನಾಗಿ ಏನು ಕೊಡುತ್ತೋ ಅದೇ ನಿಜ. ನಾವು ಕೈ ಹಾಕಿದ್ರೆ ತಿದ್ದಿದ ಹಾಗಾಗುತ್ತೆ. ತಿದ್ದೋ ಕೆಲಸ ನನ್ನ ಆಸ್ಪತ್ರೇಲಿ ನಡೀಕೂಡದು.”

“ಟೈಪ್ ಮಾಡಿದಾಗಲೂ ಅದು ತಾನಾಗೇ ಕೊಡೋದು ಸರ್.”

“ಟೈಪ್ ಮಾಡಿದ್ದು ಅಂದ್ರೆ ಕೈ ಮುಟ್ಟಿದ್ದು. ಸ್ಕ್ರಿಪ್ಟ್ ಅಂದ್ರೆ ಕೈ ಮುಟ್ಟದ್ದು. ನಾವು ಡಾಕ್ಟರು, ಶುದ್ಧ ಅಂದ್ರೆ ಏನೂಂತ ನಮಗೆ ಹೇಳಿಕೊಡ್ಬೇಕಾ?”

ಮುಂದಿನ ವಾರ ಆಡಳಿತ ಮಂಡಳಿಯ ಸಭೆಯಲ್ಲಿ ಕೈ ಮುಟ್ಟದ ಗ್ರಾಫ್ ಗೋಡೆಯ ಮೇಲೆ ಬಿತ್ತು. ಮಂಡಳಿಯ ಅಧ್ಯಕ್ಷರು ಟೈಲ್ಸ್ ವ್ಯಾಪಾರದಲ್ಲಿ ಬೆಳೆದವರು. ಗೆರೆ ಅಂದರೆ ಹೀಗಿರಬೇಕು, ಚೂರೂ ಏರುಪೇರಿಲ್ಲ, ನೀರು ಹಾಕಿ ಮಟ್ಟ ನೋಡಿದ ಹಾಗಿದೆ ಎಂದು ಮೆಚ್ಚಿದರು. ಗೋಡೆಯ ಪಕ್ಕ ನಿಂತಿದ್ದ ಗೆರೆಯಮ್ಮ ಬಾಯಿ ಬಿಟ್ಟಳು. ಇದೇ ಅಂಕಿಗಳಿಂದ ಇನ್ನೊಂದು ಗ್ರಾಫ್ ಬರುತ್ತದೆ, ಅದರಲ್ಲಿ ಎರಡನೇ ಥಿಯೇಟರಿನ ಸೋಂಕು ಮಿತಿಯ ಮೂರು ಪಟ್ಟು ದಾಟಿರುವುದು ಕಾಣುತ್ತದೆ ಎಂದಳು. ಸಭೆಯಲ್ಲಿದ್ದವರು ಸೋಂಕಿನ ಬಗ್ಗೆ ಏನೂ ಕೇಳಲಿಲ್ಲ. ಒಂದೇ ಆಸ್ಪತ್ರೆಯಲ್ಲಿ ಎರಡು ಬಗೆಯ ಗ್ರಾಫ್ ಇರಬಹುದೇ, ಹೊರಗಿನವರು ಏನೆಂದುಕೊಂಡಾರು ಎಂದು ಒಬ್ಬರಿಗೊಬ್ಬರು ಕೇಳಿಕೊಂಡರು. ಅಲ್ಲೇ ಒಂದು ಸಮಿತಿ ಹುಟ್ಟಿತು. ಅದರ ಹೆಸರು ಗ್ರಾಫ್ ಏಕರೂಪತಾ ಸಮಿತಿ. ಅದರಲ್ಲಿ ಚರ್ಮರೋಗದ ಡಾಕ್ಟರು, ಉಗ್ರಾಣದ ಅಧಿಕಾರಿ ಮತ್ತು ವಕೀಲರು. ಗೆರೆ ಎಳೆಯಲು ಬರುವವರು ಯಾರೂ ಇಲ್ಲದಂತೆ ನೋಡಿಕೊಂಡಿದ್ದರು.

ಸಮಿತಿ ಹಲವು ಬಾರಿ ಚಹಾ ಕುಡಿದು, ಗುಡ್ಡ ಅಗೆದು ಇಲಿ ಹಿಡಿದ ಹಾಗೆ, ಒಂದು ನಿಯಮ ಹೊರಡಿಸಿತು. ಟೈಪ್ ಮಾಡಿ ತೆಗೆದ ಗ್ರಾಫು ಆಂತರಿಕ ವಿಷಯಗಳಿಗೆ, ಸ್ಕ್ರಿಪ್ಟಿನಿಂದ ತೆಗೆದದ್ದು ಮಿಕ್ಕ ಎಲ್ಲದಕ್ಕೂ. ಆಂತರಿಕ ವಿಷಯ ಎಂದರೆ ಯಾವುದು ಎಂಬುದನ್ನು ಆಮೇಲೆ ತೀರ್ಮಾನಿಸುವುದು. ಅಷ್ಟರಲ್ಲಿ ದೊಡ್ಡ ಡಾಕ್ಟರು ಮಲಗಿದ ಗೆರೆಯನ್ನು ಆಳೆತ್ತರದ ಫ್ಲೆಕ್ಸ್ ಮಾಡಿಸಿ ಕೆಳಗಿನ ಹಜಾರದಲ್ಲಿ ನಿಲ್ಲಿಸಿದರು. ಮೇಲೆ ‘ಸ್ಥಿರತೆಯೇ ನಮ್ಮ ಗುರುತು’ ಎಂದಿತ್ತು, ಕೆಳಗೆ ಅವರ ನಗುಮುಖದ ಫೋಟೋ ಇತ್ತು.

ಗೆರೆಯಮ್ಮನ ಮನೆಯಲ್ಲಿ ಮೂವರು. ಗಂಡನಿಗೆ ಕನ್ನಡಕದ ಅಂಗಡಿ. ಯಾರ ಕಣ್ಣಿಗೆ ಏನು ಕಾಣಿಸುವುದಿಲ್ಲ ಎಂದು ದಿನವೆಲ್ಲ ಕೇಳಿಸಿಕೊಂಡು ಮನೆಗೆ ಬಂದ ಮೇಲೆ ಯಾರ ಮಾತನ್ನೂ ಕೇಳಿಸಿಕೊಳ್ಳದ ಮನುಷ್ಯ. ಅತ್ತೆಗೆ ಮಂಡಿ ಸವೆದಿತ್ತು, ನಾಲಿಗೆ ಸವೆದಿರಲಿಲ್ಲ. ಸೊಸೆ ಕೆಲಸ ಮಾಡುವ ಆಸ್ಪತ್ರೆಯಲ್ಲೇ ಮಂಡಿ ಬದಲಾಯಿಸುವುದೆಂದು ನಿಶ್ಚಯವಾಗಿ, ತಾರೀಖೂ ಗೊತ್ತಾಗಿತ್ತು. ಮೂಳೆಯ ಆಪರೇಷನ್ನುಗಳೆಲ್ಲ ನಡೆಯುವುದು ಎರಡನೇ ಥಿಯೇಟರಿನಲ್ಲಿ. ತಾರೀಖನ್ನು ಸ್ವಲ್ಪ ಮುಂದೂಡೋಣ ಎಂದು ಗೆರೆಯಮ್ಮ ಊಟದ ಹೊತ್ತಿನಲ್ಲಿ ಮೆಲ್ಲಗೆ ಹೇಳಿದಳು. ಗಂಡ ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತೆ ಎತ್ತಿದರು. ಯಾಕೆಂದು ಬಿಡಿಸಿ ಬಿಡಿಸಿ ಕೇಳಿದರು. ಅವಳು ಬೆಟ್ಟ, ಬಯಲು, ಸಮಿತಿ ಎಲ್ಲವನ್ನೂ ಹೇಳಿದಳು.

“ನಿನ್ನ ಮಂಡಿ ಆಗಿದ್ರೆ ಅಲ್ಲಿ ಮಾಡಿಸ್ಕೋತಿದ್ದೆಯಾ?” ಎಂದು ಅತ್ತೆ ಕೇಳಿದರು.

“ಇಲ್ಲ ಅತ್ತೆ.”

“ನನ್ನ ಮಂಡೀನೂ ಬೇಡ ಅಂತೀಯ. ಒಳ್ಳೇದು. ಮತ್ತೆ ಊರವರ ಮಂಡಿ?”

ಆ ಮಾತು ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಅವಳ ಹಲ್ಲಿಗೆ ಸಿಕ್ಕಿಕೊಂಡಿತು. ಮರುದಿನ ಅವಳು ನೇರ ಥಿಯೇಟರ್ ಸಿಸ್ಟರ್ ಬಳಿ ಹೋದಳು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಇಬ್ಬರೂ ಲೆಕ್ಕ ಹಾಕಿದರು. ಮಂಡಳಿ ಕೇಳುವುದಿಲ್ಲ, ದೊಡ್ಡ ಡಾಕ್ಟರು ಕೇಳಿಯೂ ಕೇಳುವುದಿಲ್ಲ. ಕೊನೆಗೆ ಸಿಸ್ಟರ್ ತಮ್ಮ ಕೈಲಾದದ್ದು ಮಾಡಿದರು. ಎರಡನೇ ಥಿಯೇಟರಿನ ದೊಡ್ಡ ದೀಪ ಮಿಣುಕುತ್ತಿದೆ ಎಂದು ದೂರು ಬರೆದು, ತುರ್ತಿಲ್ಲದ ಆಪರೇಷನ್ನುಗಳನ್ನು ಒಂದನೇ ಥಿಯೇಟರಿಗೆ ತಳ್ಳತೊಡಗಿದರು. ದೀಪ ರಿಪೇರಿಯವನು ಬಂದಾಗಲೆಲ್ಲ ಅದು ಚೆನ್ನಾಗಿಯೇ ಉರಿಯುತ್ತಿತ್ತು. ನೀವು ಬಂದಾಗ ಮಾತ್ರ ಹೀಗೆ ಎಂದು ಸಿಸ್ಟರ್ ಮುಖ ಗಂಟು ಹಾಕುತ್ತಿದ್ದರು. ಆದರೂ ಎಲ್ಲರನ್ನೂ ತಳ್ಳಲು ಆಗಲಿಲ್ಲ. ತುರ್ತಿನವರು ಅಲ್ಲಿಗೇ ಹೋಗಬೇಕಿತ್ತು, ಗೆರೆ ಇನ್ನೊಂದು ಮೆಟ್ಟಿಲು ಏರಿತು.

ಒಂದು ದಿನ ದೊಡ್ಡ ಡಾಕ್ಟರು ತಾವೇ ಮೂರನೇ ಮಹಡಿಗೆ ಬಂದರು. ಅವರು ಅಲ್ಲಿಗೆ ಬಂದದ್ದು ಅದೇ ಮೊದಲು. ಅಂಕಿಅಂಶ ವಿಭಾಗ ಎಲ್ಲಿದೆ ಎಂದು ಲಿಫ್ಟಿನವನನ್ನು ಕೇಳಬೇಕಾಯಿತು. ಬಾಗಿಲು ಹಾಕಿಕೊಂಡು, ಹೊಟ್ಟೆಯ ಕೆಳಬದಿಗೆ ಕೈ ಒತ್ತಿಕೊಂಡು, ಕುರ್ಚಿಯ ಅಂಚಿನಲ್ಲಿ ಕೂತರು. ಒಂದು ಸಣ್ಣ ಹರ್ನಿಯಾ, ಹೆಚ್ಚೇನಿಲ್ಲ, ಹೊಲಿಸಿಬಿಡಬೇಕು ಎಂದರು. ಆಮೇಲೆ ಈ ತಿಂಗಳ ಗ್ರಾಫ್ ತೋರಿಸಲು ಹೇಳಿದರು. ಅವಳು ಸ್ಕ್ರಿಪ್ಟ್ ಓಡಿಸಿದಳು.

“ಇದಲ್ಲ. ಟೈಪ್ ಮಾಡಿದ್ದು.”

“ಸ್ಕ್ರಿಪ್ಟಿನದೇ ನಿಜ ಅಂದಿದ್ರಿ ಸರ್.”

“ಅದು ಮಂಡಳಿಗೆ,” ಎಂದರು ದೊಡ್ಡ ಡಾಕ್ಟರು. “ಇದು ಹೊಟ್ಟೆ ವಿಷಯ.”

ಅವಳು ಟೈಪ್ ಮಾಡಿದಳು. ಒಂದನೇ ಥಿಯೇಟರು ಬೇರೆ, ಎರಡನೆಯದು ಬೇರೆ, ಎರಡನ್ನೂ ತೆಗೆದು ತೋರಿಸಿದಳು. ಅವರು ಪರದೆಗೆ ಮೂಗು ತಾಗಿಸಿ ನೋಡಿದರು. ಒಂದನೆಯದೂ ಅಷ್ಟೇನೂ ಕೆಳಗಿಲ್ಲವಲ್ಲ ಎಂದು ಗೊಣಗಿದರು. ಬೆವರು ಒರೆಸಿಕೊಂಡು, ಈ ಚಿತ್ರ ಯಾರಿಗೂ ಕೊಡಬೇಡಿ ಎಂದು ಹೇಳಿ ಹೋದರು. ಎರಡನೇ ಥಿಯೇಟರನ್ನು ಮುಚ್ಚಿಸುತ್ತಾರೇನೋ ಎಂದು ಗೆರೆಯಮ್ಮ ಸಂಜೆಯವರೆಗೂ ಆಸೆಯಿಂದ ಕಾದಳು. ಬಂದದ್ದು ಬೇರೆ ಸುತ್ತೋಲೆ: ದೊಡ್ಡ ಡಾಕ್ಟರು ಗುಣಮಟ್ಟದ ಕುರಿತ ಸಮ್ಮೇಳನಕ್ಕೆ ಬೇರೆ ಊರಿಗೆ ಹೋಗುತ್ತಿದ್ದಾರೆ, ಅವರು ಬರುವವರೆಗೆ ಎಲ್ಲವೂ ಈಗಿರುವಂತೆಯೇ ನಡೆಯತಕ್ಕದ್ದು.

ಅದೇ ವಾರ ಅತ್ತೆ ತಮ್ಮ ಮಂಡಿಯನ್ನು ತೋರಿಸಲು ಮಗನ ಜೊತೆ ಪಕ್ಕದ ಊರಿನ ಆಸ್ಪತ್ರೆಗೆ ಹೋಗಿದ್ದರು. ಮಗ ಚೀಟಿ ಮಾಡಿಸಲು ಸಾಲಿನಲ್ಲಿ ನಿಂತಿದ್ದ. ಇವರು ಪಡಸಾಲೆಯ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದರು. ಆಗ ಒಂದು ವಾರ್ಡಿನ ಬಾಗಿಲು ತೆರೆದು, ಬೆನ್ನ ಹಿಂದೆ ಲಾಡಿ ಕಟ್ಟುವ ಹಸಿರು ನಿಲುವಂಗಿ ತೊಟ್ಟ ಒಬ್ಬರು, ಒಂದು ಕೈಯಲ್ಲಿ ಡ್ರಿಪ್ಪಿನ ಕಂಬ ತಳ್ಳುತ್ತ, ಇನ್ನೊಂದರಲ್ಲಿ ಹೊಟ್ಟೆ ಹಿಡಿದುಕೊಂಡು, ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ ಬಂದರು. ಸೊಸೆಯ ಆಸ್ಪತ್ರೆಯ ಹಜಾರದ ಫ್ಲೆಕ್ಸಿನಲ್ಲಿ ಆ ಮುಖವನ್ನು ಅತ್ತೆ ಕಣ್ತುಂಬ ನೋಡಿದ್ದರು. ಗುರುತು ಹಿಡಿಯಲು ಅವರಿಗೆ ಮಗನ ಅಂಗಡಿಯ ಕನ್ನಡಕ ಬೇಕಾಗಲಿಲ್ಲ.

“ದೊಡ್ಡ ಡಾಕ್ಟ್ರೇ, ಸಮ್ಮೇಳನ ಚೆನ್ನಾಗಿ ನಡೀತಾ ಇದೆಯಾ?” ಎಂದು ಕೇಳಿದರು.

ದೊಡ್ಡ ಡಾಕ್ಟರು ಕಂಬವನ್ನು ಬಿಗಿಯಾಗಿ ಹಿಡಿದರು. ಇಲ್ಲಿನ ವಾರ್ಡುಗಳ ವ್ಯವಸ್ಥೆಯನ್ನು ಅಧ್ಯಯನ ಮಾಡಲು ಬಂದಿರುವುದಾಗಿ ಹೇಳಿದರು. ಮಲಗಿಕೊಂಡು ಮಾಡಿದರೆ ಅಧ್ಯಯನ ಚೆನ್ನಾಗಿ ಆಗುತ್ತದೆ ಎಂದು ಅತ್ತೆ ಒಪ್ಪಿದರು. ಗಾಯ ಮಾಗುತ್ತಿದೆಯೇ, ಕೀವು ಗೀವು ಇಲ್ಲ ತಾನೇ ಎಂದೂ ವಿಚಾರಿಸಿದರು. ಬೆಂಚಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ದೊಡ್ಡ ಡಾಕ್ಟರು ತಿರುಗಿ ನಡೆದರು. ನಿಲುವಂಗಿಯ ಹಿಂದಿನ ಲಾಡಿ ಒಂದು ಬಿಚ್ಚಿಹೋಗಿತ್ತಂತೆ. ಅದನ್ನು ಅತ್ತೆ ಆಮೇಲೆ ಹೇಳುವಾಗಲೆಲ್ಲ ಎರಡು ಲಾಡಿ ಮಾಡಿ ಹೇಳುತ್ತಿದ್ದರು.

ಹೇಳಿದ್ದು ಒಬ್ಬರಿಗಲ್ಲ. ಊರಿನ ಪಾರ್ಕಿನಲ್ಲಿ ಬೆಳಗ್ಗೆ ಹೆಂಗಸರು ಗುಂಪಾಗಿ ನಡೆಯುತ್ತಿದ್ದರು. ನಡೆಯಲಾರದ ಅತ್ತೆ ಅಲ್ಲಿನ ಕಟ್ಟೆಯ ಮೇಲೆ ಕೂತು ಮಾತಿನಲ್ಲೇ ಅವರಿಗೆ ಸಮನಾಗಿರುತ್ತಿದ್ದರು. ಆ ಗುಂಪಿನಲ್ಲಿ ಮಂಡಳಿಯ ಅಧ್ಯಕ್ಷರ ಹೆಂಡತಿಯೂ ಇದ್ದರು. ಅವರ ಪಿತ್ತಕೋಶದಲ್ಲಿ ಕಲ್ಲು. ಮುಂದಿನ ವಾರ ಗಂಡನ ಆಸ್ಪತ್ರೆಯಲ್ಲೇ ಆಪರೇಷನ್. ದೊಡ್ಡ ಡಾಕ್ಟರು ಸೊಸೆಯ ಬಳಿ ಗ್ರಾಫ್ ನೋಡಿಕೊಂಡು ತಮ್ಮ ಹರ್ನಿಯಾವನ್ನು ಊರು ಬಿಟ್ಟು ಊರಿಗೆ ಹೊತ್ತುಕೊಂಡು ಹೋದ ಕತೆ ಕೇಳಿ ಅವರು ನಡಿಗೆ ನಿಲ್ಲಿಸಿದರು. ಮನೆಗೆ ಹೋಗಿ ಗಂಡನನ್ನು ಏನು ಕೇಳಿದರೋ ಗೊತ್ತಿಲ್ಲ. ಗಂಡ ಮಾತ್ರ ಮಧ್ಯಾಹ್ನದೊಳಗೆ ತುರ್ತು ಸಭೆ ಕರೆದಿದ್ದರು.

ಸಭೆಯಲ್ಲಿ ಅಧ್ಯಕ್ಷರು ಕೂರಲೂ ಇಲ್ಲ.

“ಅವರು ಹೋಗೋ ಮುಂಚೆ ಯಾವ ಗ್ರಾಫ್ ನೋಡಿದ್ರು?” ಎಂದು ಗೆರೆಯಮ್ಮನನ್ನು ಕೇಳಿದರು. “ಅದನ್ನೇ ಹಾಕಿ.”

ಸಮಿತಿಯ ವಕೀಲರು ಕೈ ಎತ್ತಿದರು. ಟೈಪ್ ಮಾಡಿದ ಗ್ರಾಫು ಆಂತರಿಕ ವಿಷಯಗಳಿಗೆ ಮಾತ್ರ ಎಂದು ನಿಯಮವಿದೆ ಎಂದು ನೆನಪಿಸಿದರು.

“ನನ್ನ ಹೆಂಡತಿ ಹೊಟ್ಟೆ ಒಳಗಿನ ವಿಷಯ ರೀ. ಅದಕ್ಕಿಂತ ಆಂತರಿಕ ಇನ್ಯಾವುದು?” ಎಂದರು ಅಧ್ಯಕ್ಷರು.

ಗೆರೆಯಮ್ಮ ಎಲ್ಲರೆದುರು ಒಂದೊಂದೇ ಸಾಲು ಟೈಪ್ ಮಾಡಿದಳು. ಒಂದು ಸಾಲನ್ನು ತಪ್ಪಾಗಿ ಹೊಡೆದು ಅಳಿಸಿ ಮತ್ತೆ ಹೊಡೆಯಬೇಕಾಯಿತು. ಗೋಡೆಯ ಮೇಲೆ ಬೆಟ್ಟ ಎದ್ದಿತು. ಆಮೇಲೆ ಯಾರೂ ಕೇಳದೆಯೇ ಅವಳು ಅದೇ ಅಂಕಿಗಳ ಸ್ಕ್ರಿಪ್ಟ್ ಓಡಿಸಿ, ಪಕ್ಕದಲ್ಲಿ ಬಯಲನ್ನೂ ಹಾಕಿದಳು. ಎಡಬದಿಯ ಅಳತೆಯನ್ನು ಬೆರಳಿಟ್ಟು ತೋರಿಸಿದಳು. ಇಲ್ಲಿ ಎಂಟು, ಇಲ್ಲಿ ನೂರು, ವ್ಯತ್ಯಾಸ ಇಷ್ಟೇ, ಗಾಯಗಳು ಅವೇ ಎಂದಳು. ಟೈಲ್ಸ್ ವ್ಯಾಪಾರಿಗೆ ಅಳತೆಯ ಮೋಸ ಚೆನ್ನಾಗಿ ಗೊತ್ತಿತ್ತು. ಅವರು ಬಹಳ ಹೊತ್ತು ನೋಡಿ, ಎರಡನೇ ಥಿಯೇಟರಿಗೆ ಬೀಗ ಹಾಕಿಸಿದರು.

ಮೇಲ್ಛಾವಣಿಯ ಹಲಗೆ ಬಿಚ್ಚಿದಾಗ ಒಳಗೆ ಒಂದು ಕೊಳವೆ ಸೋರಿ ಗೋಡೆಯ ಉದ್ದಕ್ಕೂ ಬೂಷ್ಟು ಹಿಡಿದಿತ್ತು. ಗಾಳಿ ಸೋಸುವ ಫಿಲ್ಟರು ಬದಲಾಯಿಸದೆ ಬಿಟ್ಟು ಕಂಬಳಿಯ ಹಾಗೆ ಕಪ್ಪಾಗಿತ್ತು. ಆಪರೇಷನ್ ಮೇಜಿನ ನೇರ ಮೇಲೆ ಬೀಸುತ್ತಿದ್ದದ್ದು ಅದರ ಗಾಳಿಯೇ. ಸಿಸ್ಟರ್ ಅದನ್ನು ನೋಡಿ, ಎರಡನೇ ಥಿಯೇಟರಿನಿಂದ ಹೋಗಿ ಮತ್ತೆ ಮತ್ತೆ ಗಾಯ ತೊಳೆಸಿಕೊಳ್ಳಲು ಬರುತ್ತಿದ್ದ ಒಬ್ಬ ಬಸ್ ಡ್ರೈವರನ್ನು ನೆನೆದು, ಹೊರಗೆ ಹೋಗಿ ಸ್ವಲ್ಪ ಹೊತ್ತು ಕಿಟಕಿಯ ಬಳಿ ನಿಂತರು.

ಕೊಳವೆ ಬದಲಾಯಿತು, ಫಿಲ್ಟರು ಬದಲಾಯಿತು, ಗೆರೆ ಇಳಿಯಿತು. ದೊಡ್ಡ ಡಾಕ್ಟರು ಮಾತ್ರ ಬದಲಾಗದೆ ಹಿಂತಿರುಗಿದರು. ಅವರನ್ನು ತೆಗೆಯುತ್ತಾರೆ ಎಂದು ಕ್ಯಾಂಟೀನಿನಲ್ಲಿ ಮಾತಿತ್ತು. ಆದರೆ ತೆಗೆದರೆ ಯಾಕೆ ತೆಗೆದಿರಿ ಎಂದು ಜನ ಕೇಳುತ್ತಾರೆ, ಕೇಳಿದರೆ ಹೇಳಬೇಕಾಗುತ್ತದೆ ಎಂದು ವಕೀಲರು ಎಚ್ಚರಿಸಿದರು. ದೊಡ್ಡ ಡಾಕ್ಟರು ಉಳಿದರು. ಬಂದವರೇ ಗೆರೆಯಮ್ಮನನ್ನು ಕರೆಸಿ, ಇನ್ನು ಮೇಲೆ ಟೈಪ್ ಮಾಡಿದ ಗ್ರಾಫನ್ನೇ ಎಲ್ಲ ಕಡೆ ಕೊಡಬೇಕು ಎಂದರು. ಸ್ಕ್ರಿಪ್ಟಿನಲ್ಲಿ ಇಳಿದದ್ದು ಕಾಣುವುದೇ ಇಲ್ಲ. ಇದರಲ್ಲಾದರೆ ಬಂಡೆಯಿಂದ ಧುಮುಕಿದ ಹಾಗೆ ಕಾಣುತ್ತದೆ. ಗಾಳಿ ಬಂದಾಗ ತೂರಿಕೋ ಎಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಎರಡಕ್ಕೂ ಒಂದೇ ಅಳತೆ ಇಟ್ಟು, ಪ್ರತಿ ತಿಂಗಳೂ ಅದನ್ನೇ ಉಳಿಸಿಕೊಳ್ಳೋಣ ಎಂದು ಅವಳು ಹೇಳಿ ನೋಡಿದಳು. ಅವರು ಆಗಲೇ ಫ್ಲೆಕ್ಸಿನವನಿಗೆ ಫೋನ್ ಮಾಡುತ್ತಿದ್ದರು. ಆ ಬಂಡೆಯ ಚಿತ್ರವನ್ನು ಹಿಡಿದುಕೊಂಡು ಅವರು ನಿಜವಾದ ಒಂದು ಸಮ್ಮೇಳನಕ್ಕೆ ಹೋಗಿ ಮಾತಾಡಿದರು, ಸೋಂಕು ಇಳಿಸಿದ್ದಕ್ಕೆ ಒಂದು ಫಲಕವನ್ನೂ ತಂದರು.

ಗ್ರಾಫ್ ಏಕರೂಪತಾ ಸಮಿತಿ ಕೊನೆಯ ವರದಿ ಕೊಟ್ಟಿತು. ತಪ್ಪೆಲ್ಲ ಸಾಫ್ಟ್‌ವೇರಿನದು, ಅದು ಆಡಳಿತವನ್ನು ದಾರಿ ತಪ್ಪಿಸಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅತ್ತೆ ಮನೆಯಲ್ಲಿ ಹೇಳಿದ್ದನ್ನು ಗೆರೆಯಮ್ಮ ಆಸ್ಪತ್ರೆಯಲ್ಲಿ ಯಾರಿಗೂ ಹೇಳಲಿಲ್ಲ. ಹೊಸ ಸಾಫ್ಟ್‌ವೇರ್ ಬಂತು. ಅವಳು ಮೊದಲು ಮಾಡಿದ ಕೆಲಸವೆಂದರೆ ಒಂದೇ ಅಂಕಿಗಳನ್ನು ಟೈಪ್ ಮಾಡಿಯೂ ಸ್ಕ್ರಿಪ್ಟಿನಿಂದಲೂ ಕೊಟ್ಟು ನೋಡಿದ್ದು. ಎರಡೂ ಚಿತ್ರ ಕೂದಲೆಳೆಯಷ್ಟೂ ಬೇರೆಯಿರಲಿಲ್ಲ. ಅಳತೆಯನ್ನು ಹತ್ತಕ್ಕೆ ಕಟ್ಟಿಹಾಕಿ, ಮಂಡಳಿಯ ಅಧ್ಯಕ್ಷರಿಂದ ಅದಕ್ಕೆ ಸಹಿ ಮಾಡಿಸಿಕೊಂಡಳು.

ಕೆಲವು ತಿಂಗಳ ಮೇಲೆ ಒಂದನೇ ಥಿಯೇಟರಿನ ಗೆರೆ ಸ್ವಲ್ಪ ತಲೆ ಎತ್ತಿತು. ದೊಡ್ಡ ಡಾಕ್ಟರು ಫೋನ್ ಮಾಡಿ, ಈ ಹೊಸದರಲ್ಲಿ ಗ್ರಾಫ್ ತೆಗೆಯಲು ಬೇರೆ ವಿಧಾನ ಯಾವುದಾದರೂ ಇದೆಯೇ ಎಂದು ವಿಚಾರಿಸಿದರು. ಹೇಗೆ ತೆಗೆದರೂ ಒಂದೇ ಬರುತ್ತದೆ ಎಂದು ಅವಳು ಹೇಳಿದಳು.

“ಹಾಗಿದ್ರೆ ಗೆರೆ ಬಣ್ಣನಾದ್ರೂ ಸ್ವಲ್ಪ ತಿಳಿ ಮಾಡಿ,” ಎಂದರು.

ಅವಳು ತಿಳಿನೀಲಿ ಮಾಡಿಕೊಟ್ಟಳು. ತಿಳಿನೀಲಿಯಲ್ಲೂ ಅದು ಮೇಲಕ್ಕೇ ಹೋಯಿತು. ಸಿಸ್ಟರ್ ಅದರ ಒಂದು ಪ್ರತಿಯನ್ನು ಅಧ್ಯಕ್ಷರ ಮೇಜಿನ ಮೇಲೆ ತಾವೇ ಇಟ್ಟು ಬಂದರು, ಆ ವಾರವೇ ಒಂದನೇ ಥಿಯೇಟರಿನ ಫಿಲ್ಟರನ್ನೂ ಬಿಚ್ಚಿದರು.